ನೆಲವಿಲ್ಲದ ಮನೆ

ಕುಟುಂಬಸ್ಥರಿಗೆ ಹೇಳಿ ಮಾಡಿಸಿದ ಬಡಾವಣೆ, ಅಂದ ಏಜೆಂಟ್.
ಅವನ ಬೂಟಿಗೆ ಕೆಸರಿನ ಪರಿಚಯವೇ ಇದ್ದಂತಿರಲಿಲ್ಲ.
ಕಡಿದಾದ ಮೆಟ್ಟಿಲ ಮೇಲೆ ಹದಿನೇಳು ಮಂದಿ,
ತಲಾ ಹತ್ತು ನಿಮಿಷ.
ಮುಂದಿದ್ದವಳ ಹೊಟ್ಟೆಯಲ್ಲಿ ಏಳು ತಿಂಗಳು,
ಹಿಂದಿದ್ದವನ ಫೈಲಿನಲ್ಲಿ ಮೂರು ವರ್ಷದ ಸಂಬಳ ಚೀಟಿ.
ನನ್ನ ಕೈಯಲ್ಲಿ ನಿಂಕೆಯ ಕೈ,
ಜಾಮು ಅಂಟಿದ್ದು.

ಇಬ್ಬರೇನಾ? ಅಂದ.
ಇಬ್ಬರೇ.
ಇಬ್ಬರಾದರೆ ಕುಟುಂಬವೋ ಅಲ್ಲವೋ
ಅವನ ಕಾಗದದಲ್ಲಿ ಆ ಕಾಲಂ ಇರಲಿಲ್ಲ.
ಬಾಡಿಗೆಯ ಮೂರರಷ್ಟು ಸಂಬಳ ಉಂಟೋ ಎಂಬುದಕ್ಕಿತ್ತು.
ನಾನು ಬಸ್ಸು ಓಡಿಸುವವಳು.
ನೈಮೇಗನ್ ಸ್ಟೇಷನ್ನಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಸ್ಟೇಷನ್ನು,
ಇದೇ ಬೀದಿಯ ತುದಿಯಲ್ಲಿ ದಿನಕ್ಕೆ ಹದಿನಾಲ್ಕು ಸಲ ನಿಲ್ಲುತ್ತೇನೆ.
ಪರದೆಯಿಲ್ಲದ ಕಿಟಕಿಗಳು,
ಒಳಗೆ ಹಳದಿ ದೀಪ, ಸೂಪು ಬಡಿಸುವ ತೋಳು,
ಮಕ್ಕಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುವ ಸೈಕಲ್ಲು.
ನೋಡುತ್ತೇನೆ, ಬಾಗಿಲು ಮುಚ್ಚುತ್ತೇನೆ, ಹೊರಡುತ್ತೇನೆ.
ಒಂದು ಸಲವೂ ಇಳಿದವಳಲ್ಲ.

ಅಕ್ಕ ಜಾಮೀನು ಹಾಕಿದಳು, ಗಂಡನಿಗೆ ಹೇಳದೆ.

ಬೋಳು ಮನೆ ಅನ್ನುತ್ತಾರೆ ನಮ್ಮಲ್ಲಿ.
ಹೋಗುವವರು ಹೋಗುವಾಗ
ಬಲ್ಬು, ಪರದೆಯ ಸರಳು,
ಕೊನೆಗೆ ನೆಲವನ್ನೂ ಕಿತ್ತು ಸುತ್ತಿಕೊಂಡು ಹೋಗುತ್ತಾರೆ.
ಹಳೆಯ ಬಾಡಿಗೆದಾರ ಹರ್ಮಾನುಸ್ ಕೇಳಿದ್ದ,
ನಾನೂರು ಯೂರೋ ಕೊಟ್ಟರೆ ಬಿಟ್ಟು ಹೋಗುತ್ತೇನೆ,
ಓಕ್ ಮರದ ಬಣ್ಣ, ಒಂದೇ ಒಂದು ಕಲೆ.
ಯೋಚಿಸಿ ಹೇಳುತ್ತೇನೆ ಅಂದೆ.
ಯೋಚಿಸುವುದೇನಿತ್ತು, ಮುಂಗಡ ಕೊಟ್ಟ ಮೇಲೆ
ಅಕೌಂಟಿನಲ್ಲಿ ಉಳಿದದ್ದು ಅರವತ್ತೆರಡು.

ಹಾಗಾಗಿ ನೆಲೆ ಸಿಕ್ಕಿತು, ನೆಲ ಸಿಗಲಿಲ್ಲ.

ನವೆಂಬರಿನ ಸಿಮೆಂಟು ಕಾಲುಚೀಲ ದಾಟಿ ಬರುತ್ತದೆ,
ಮೊಣಕಾಲಿನಲ್ಲಿ ಕೂರುತ್ತದೆ.
ನಿಂಕೆಗೆ ಮಾತ್ರ ಇಷ್ಟು ದೊಡ್ಡ ಸ್ಲೇಟು ಸಿಕ್ಕಿದ್ದು ಮೊದಲು.
ಸೀಮೆಸುಣ್ಣ ಹಿಡಿದು ಕೂತಳು.
ಮಂಚದ ಕೆಳಗೆ ಡಿಪೋ, ಅಡುಗೆಮನೆಯಲ್ಲಿ ಆಸ್ಪತ್ರೆ,
ಹಜಾರದ ನಟ್ಟನಡುವೆ ನೀಲಿ ವಾಲ್ ನದಿ,
ಸೇತುವೆ ಮಾತ್ರ ಬಾತ್‌ರೂಮಿನ ಪಕ್ಕ.
ನಾಯಿಗೊಂದು ಸ್ಟಾಪು, ಸತ್ತ ಮೀನಿಗೊಂದು ಸ್ಟಾಪು.
ಅಪ್ಪನ ಮನೆ ಎಲ್ಲಿ ಅಂತ ನಾನು ಕೇಳಲಿಲ್ಲ.
ಅವಳಾಗಿಯೇ ಬರೆದಳು, ಬಾಲ್ಕನಿಯಾಚೆ, ಗೆರೆ ತಲುಪದ ಕಡೆ.

ಕೆಳಮನೆಯಿಂದ ಚೀಟಿ ಬಂತು:
ನಿಮ್ಮ ಹಿಮ್ಮಡಿ ನನ್ನ ತಲೆಯ ಮೇಲೆ.
ಇಂತು, ಶ್ರೀಮತಿ ಕೌವೆನ್‌ಹೋವೆನ್.
ಉತ್ತರ ಬರೆಯಲು ಪೆನ್ನು ಹುಡುಕುತ್ತಿದ್ದೆ,
ಅಷ್ಟರಲ್ಲಿ ಆಕೆಯೇ ಬಂದು ನಿಂತಳು,
ಚಪ್ಪಲಿ ಬಾಗಿಲಲ್ಲೇ ಬಿಟ್ಟು.
ಜಗಳಕ್ಕೆ ತಯಾರಾದ ಬಾಯಿ
ನೆಲ ನೋಡಿ ಹಾಗೇ ಉಳಿಯಿತು.
ಎಂಬತ್ತರ ಹೆಂಗಸು, ಗೆರೆ ತುಳಿಯದಂತೆ ಕಾಲೆತ್ತಿ ಕಾಲೆತ್ತಿ
ಕುರ್ಚಿಯವರೆಗೆ ಹೋದಳು.
ಇಲ್ಲೊಂದು ಬೇಕರಿ ಇತ್ತು, ಈ ಮೂಲೆಯಲ್ಲಿ, ಅಂದಳು.
ನಿಂಕೆ ಬೇಕರಿ ಬರೆದಳು.
ಚೀಟಿಯ ಮಾತು ಎತ್ತಲಿಲ್ಲ ಯಾರೂ.
ಹೊರಡುವಾಗ ಎತ್ತಿದಳು: ಆದರೂ ದಪ್ಪ ಕಾಲುಚೀಲ ಹಾಕಿ.

ಒಂದು ಭಾನುವಾರ ನಾನು ಪ್ರಯಾಣಿಕಳು, ನಿಂಕೆ ಚಾಲಕಿ,
ಕುಕ್ಕರಿನ ಮುಚ್ಚಳ ಸ್ಟೇರಿಂಗು.
ಸುತ್ತಿದ್ದೇ ಸುತ್ತಿದ್ದು.
ನನಗೆ ಅಲ್ಲೇ ತೂಕಡಿಕೆ.
ಅಮ್ಮಾ, ನಿನ್ನ ಸ್ಟಾಪು ಬಂತು,
ಇಳಿ.

ಫೆಬ್ರವರಿಯಲ್ಲಿ ಸಾಲ ಮಾಡಿ ನೆಲ ಹಾಕಿಸಿದೆ.
ಸದ್ದು ನುಂಗುವ ಸ್ಪಂಜು ಮೊದಲು, ಮೇಲೆ ಹಲಗೆ,
ಕೆಲಸದವರಿಬ್ಬರು ಮಧ್ಯಾಹ್ನಕ್ಕೆ ಮುಗಿಸಿದರು.
ನಿಂಕೆ ಒಂದು ದಿನ ಮಾತಾಡಲಿಲ್ಲ.
ರಸ್ತೆ ಕೆಳಗೇ ಇದೆ, ಅಳಿಸಿಲ್ಲ, ಅಂದೆ.
ಬಸ್ಸು ಹೇಗೆ ಹೋಗುತ್ತೆ, ಅಂದಳು.
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಜುಲೈಯಿಂದ ಬಾಡಿಗೆ ಏರುತ್ತದೆ, ಕಾಗದ ಬಂದಿದೆ,
ಫ್ರಿಜ್ಜಿಗೆ ಅಂಟಿಸಿದ್ದೇನೆ.
ನಿನ್ನೆ ರಾತ್ರಿ ಅದನ್ನೇ ಮತ್ತೆ ಓದಲು ಎದ್ದೆ,
ದೀಪ ಹಾಕದೆ,
ನದಿಯನ್ನು ಬಳಸಿಕೊಂಡು, ಸೇತುವೆಯ ಮೇಲೆ.